ಎತ್ತರಿಸಿದ ಪಿಕಪ್ ಬಂಡಿಗಳಿಗೆ ಗಾಲಿ ಮತ್ತು ಟೈರುಗಳ ಆಯ್ಕೆ

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಹೋಬಳಿಯಲ್ಲಿಯೂ, ಸುತ್ತಣ ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿಯೂ ಹಿಂದೆ ಎತ್ತಿನ ಗಾಡಿಯು ಮಾಡುತ್ತಿದ್ದ ಕೆಲಸದ ಬಹುಭಾಗವನ್ನು ಈಗ ಪಿಕಪ್ ಎಂದು ಕರೆಯುವ ಸಣ್ಣ ಸರಕಿನ ಮೋಟಾರುಗಳು ವಹಿಸಿಕೊಂಡಿವೆ. ಮುಂಗಾರಿನಲ್ಲಿ ಹಸಿ ತಂಬಾಕಿನ ಎಲೆಯನ್ನು ಹೊಲದಿಂದ ಬ್ಯಾರನ್ನಿಗೆ ಸಾಗಿಸುವುದು, ಬ್ಯಾರನ್ನಿಗೆ ಸೌದೆ ತರುವುದು, ಬೇಲು ಕಟ್ಟಿದ ಹೊಗೆಸೊಪ್ಪನ್ನು ಕಂಪಲಾಪುರದ ಅಥವಾ ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಗೆ ಒಯ್ಯುವುದು, ಶುಂಠಿ, ಮುಸುಕಿನ ಜೋಳಗಳನ್ನು ಮಾರಾಟಕ್ಕೆ ಮುಟ್ಟಿಸುವುದು, ಇವೆಲ್ಲವೂ ಇವುಗಳಿಂದಲೇ ನಡೆಯುತ್ತಿವೆ. ಈ ಬಂಡಿಗಳಲ್ಲಿ ಬಹುಮಟ್ಟಿನವು ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಯಂತ್ರದ ಶಕ್ತಿಯು ತಲಪುವ ಜಾತಿಯವು. ಹೊಲದ ದಾರಿಗಳಲ್ಲಿ ಗಾಡಿಜಾಡು ಆಳವಾಗಿ ನಡುವಿನ ದಿಬ್ಬವು ಉಳಿದಿರುವುದರಿಂದ ಬಂಡಿಯ ಹೊಟ್ಟೆಯು ನೆಲಕ್ಕೆ ತಗಲುತ್ತದೆ. ಇದನ್ನು ತಪ್ಪಿಸಲು ಅನೇಕರು ಕಮಾನುಪಟ್ಟಿಗಳನ್ನು ಹೆಚ್ಚಿಸಿ, ಇಲ್ಲವೆ ಅವುಗಳಿಗೂ ಅಚ್ಚಿಗೂ ನಡುವೆ ಕಬ್ಬಿಣದ ಗಟ್ಟಿಗಳನ್ನು ಕೂಡಿಸಿ ಬಂಡಿಯನ್ನು ಎತ್ತರಿಸುತ್ತಾರೆ. ಆಮೇಲೆ ಅದಕ್ಕೆ ಸರಿಕಾಣುವಂತೆ ದೊಡ್ಡ ಟೈರುಗಳನ್ನು ಹಾಕಿಸುತ್ತಾರೆ. ಒಂದು ಜೊತೆ ಟೈರಿನ ಬೆಲೆಯು ಸಣ್ಣದಲ್ಲ. ಹಣ ಹೋದುದಲ್ಲದೆ ಜೀವಕ್ಕೂ ಅಪಾಯವಾಗಬಹುದಾದ ವಿಷಯವಾದುದರಿಂದ ಇದನ್ನು ಸ್ವಲ್ಪ ವಿವರವಾಗಿ ವಿಚಾರಮಾಡುವುದು ಯುಕ್ತವಾಗಿದೆ.

ಗಾಲಿ ದೊಡ್ಡದಾದಷ್ಟೂ ಒಳ್ಳೆಯದೆಂಬ ಭಾವನೆಯು ನಮ್ಮ ರೈತರಿಗೆ ಗಾಡಿಯಿಂದ ಬಂದುದು. ಗಾಡಿಯ ಮಟ್ಟಿಗೆ ಅದು ಸರಿಯಾದುದೇ. ಕಬ್ಬಿಣದ ಪಟ್ಟಿ ಬಿಗಿದ ಎತ್ತರವಾದ ಮರದ ಗಾಲಿಯು ಗುಂಡಿಗೆ ಇಳಿಯುವುದು ಕಡಿಮೆ, ಕಲ್ಲನ್ನು ಹತ್ತುವುದು ಸುಲಭ. ಎತ್ತುಗಳ ಕೊರಳಿಗೆ ಶ್ರಮವೂ ಕಡಿಮೆ. ಆದರೆ ಗಾಡಿಯ ಗಾಲಿಯು ತಾನಾಗಿ ತಿರುಗುವುದಿಲ್ಲ. ಮುಂದೆ ಎತ್ತು ಎಳೆದುದರಿಂದ ಉರುಳುತ್ತದೆ. ಪಿಕಪ್ಪಿನ ಹಿಂದಿನ ಗಾಲಿಯಾದರೋ ತಾನೇ ತಿರುಗಿ ನೆಲವನ್ನು ಹಿಂದಕ್ಕೆ ನೂಕಿ ಬಂಡಿಯನ್ನು ಮುಂದಕ್ಕೆ ಒಯ್ಯಬೇಕು. ಯಂತ್ರವು ಅಚ್ಚನ್ನು ತಿರುಚುವ ಬಲವು ಒಂದು ಮಿತಿಯಲ್ಲಿರುತ್ತದೆ. ಅಚ್ಚಿನ ನಡುವಿನಿಂದ ನೆಲದವರೆಗೆ ಇರುವ ದೂರವು ಹೆಚ್ಚಿದಷ್ಟೂ ಆ ತಿರುಚುಬಲದಿಂದ ನೆಲದ ಮೇಲೆ ಹುಟ್ಟುವ ನೂಕು ಕಡಿಮೆಯಾಗುತ್ತದೆ. ರಾಟೆಯ ಹಿಡಿಯನ್ನು ಹಿಡಿದು ನೀರು ಸೇದುವಾಗ ರಾಟೆಯ ಉರುಳೆಯು ದಪ್ಪವಾದರೆ ಹಗ್ಗವು ಬೇಗ ಮೇಲಕ್ಕೆ ಬರುವುದು, ಆದರೆ ಕೈಗೆ ಭಾರ ಹೆಚ್ಚುವುದು. ಇಲ್ಲಿಯೂ ಅದೇ ನ್ಯಾಯ. ಎಳೆಯಲ್ಪಡುವ ಗಾಲಿಗೆ ಗುಣವಾದುದು ಎಳೆಯುವ ಗಾಲಿಗೆ ಪೂರ್ಣವಾಗಿ ಗುಣವಲ್ಲ.

ಇನ್ನು ಬಂಡಿಯನ್ನು ಎತ್ತರಿಸುವುದರಿಂದ ಏನಾಗುತ್ತದೆಂಬುದನ್ನು ನೋಡೋಣ. ಕಮಾನುಪಟ್ಟಿಗಳಲ್ಲಿ ಮಾಡಿದ ಏರ್ಪಾಟು ಏನಿದ್ದರೂ ಅಚ್ಚಿನಿಂದ ಮೇಲಣ ಭಾಗವನ್ನು, ಎಂದರೆ ಚೌಕಟ್ಟು, ತೊಟ್ಟಿ, ಯಂತ್ರಗಳನ್ನು ಮಾತ್ರ ಎತ್ತುತ್ತದೆ. ಹಿಂದಿನ ಅಚ್ಚೂ, ಅದರ ನಡುವೆ ಕುಂಬಳಕಾಯಿಯಂತೆ ಉಬ್ಬಿರುವ ಡಿಫರೆನ್ಷಿಯಲ್ ಗೂಡೂ ಇದ್ದಲ್ಲಿಯೇ ಇರುತ್ತವೆ. ಗಾಡಿಜಾಡಿನ ನಡುವಿನ ದಿಬ್ಬಕ್ಕೆ ಮೊದಲು ತಗಲುವುದು ಈ ಗೂಡೇ. ಇದನ್ನು ನೆಲದಿಂದ ಮೇಲಕ್ಕೆ ಎತ್ತುವುದಕ್ಕೆ ದೊಡ್ಡ ಟೈರೊಂದೇ ಮಾರ್ಗ. ಅದೂ ಟೈರಿನ ವ್ಯಾಸದಲ್ಲಿ ಹೆಚ್ಚಿದುದರ ಅರ್ಧದಷ್ಟು ಮಾತ್ರ. ನಾಲ್ಕು ಅಂಗುಲ ಎತ್ತರಿಸಿದ ಬಂಡಿಯು ನೋಟಕ್ಕೆ ಆನೆಯಂತೆ ನಿಂತಿದ್ದರೂ ಹಳೆಯ ಟೈರಿನ ಮೇಲೆಯೇ ಇದ್ದರೆ ಮೊದಲು ಸಿಕ್ಕಿಕೊಳ್ಳುತ್ತಿದ್ದ ದಿಬ್ಬದ ಮೇಲೆಯೇ ಪುನಃ ಸಿಕ್ಕಿಕೊಳ್ಳುವುದು. ಇದಲ್ಲದೆ ಯಂತ್ರದಿಂದ ಹಿಂದಕ್ಕೆ ಹೋಗುವ ದಂಡವು ಹೆಚ್ಚು ಓರೆಯಾಗುವುದರಿಂದ ಅದರ ಎರಡು ತುದಿಗಳ ಕ್ರಾಸುಗಳು ಬೇಗ ಸವೆಯುತ್ತವೆ.

ಟೈರಿನ ಪಕ್ಕದಲ್ಲಿ ಅಚ್ಚು ಹಾಕಿರುವ ಅಂಕಿಗಳನ್ನು ಓದಲು ಕಲಿತರೆ ಅಂಗಡಿಯವರ ಮಾತಿಗೆ ಒಳಗಾಗಬೇಕಾಗಿಲ್ಲ. 215/75 ಆರ್ 15 ಎಂದಿದ್ದರೆ, ಮೊದಲನೆಯದು ಟೈರಿನ ಅಗಲ, 215 ಮಿಲಿಮೀಟರು. ಎರಡನೆಯದು ಅದರ ಗೋಡೆಯ ಎತ್ತರವು ಅಗಲದ ನೂರಕ್ಕೆ 75 ಪಾಲು ಎಂಬುದನ್ನು ಹೇಳುತ್ತದೆ. ಎಂದರೆ ಸುಮಾರು 161 ಮಿಲಿಮೀಟರು. ಆರ್ ಎಂಬುದು ರೇಡಿಯಲ್ ಜಾತಿಯ ಗುರುತು. 15 ಎಂಬುದು ಒಳಗಿನ ಡಿಸ್ಕಿನ ವ್ಯಾಸ, ಅಂಗುಲಗಳಲ್ಲಿ. ಅದು 381 ಮಿಲಿಮೀಟರಿಗೆ ಸಮ. ಮೇಲೆ ಒಂದು ಗೋಡೆ, ಕೆಳಗೆ ಒಂದು ಗೋಡೆ ಸೇರಿಸಿದರೆ ಒಟ್ಟು ವ್ಯಾಸವು ಸುಮಾರು 703 ಮಿಲಿಮೀಟರು. ಇದೇ ರೀತಿ 235/75 ಆರ್ 15 ಟೈರಿನ ವ್ಯಾಸವು ಸುಮಾರು 733. ಅಗಲವು 20 ಮಿಲಿಮೀಟರು ಹೆಚ್ಚಿದರೂ ಗೂಡು ನೆಲದಿಂದ ಏರುವುದು 15 ಮಿಲಿಮೀಟರು ಮಾತ್ರ. ಒಂದು ಬೆರಳಿನ ದಪ್ಪವೂ ಅಲ್ಲ. ಜೀಪುಗಳಿಗೆ ಹಾಕುವ 31×10.5 ಆರ್ 15 ಎಂಬುದರಲ್ಲಿ ಮೊದಲನೆಯ ಅಂಕಿಯೇ ಒಟ್ಟು ವ್ಯಾಸ, ಅಂಗುಲಗಳಲ್ಲಿ. ಅಂದರೆ ಸುಮಾರು 787 ಮಿಲಿಮೀಟರು. ಇದರಿಂದ ಗೂಡು 42 ಮಿಲಿಮೀಟರು ಏರುತ್ತದೆ. 7.00-15 ಎಂಬ ಹಳೆಯ ಬಗೆಯ ಗುರುತಿನಲ್ಲಿ ಏಳು ಅಂಗುಲ ಅಗಲ, ಹದಿನೈದು ಅಂಗುಲದ ಡಿಸ್ಕು ಎಂದಷ್ಟೇ ತಿಳಿಯುತ್ತದೆ. ಅಂಥ ಟೈರಿನ ಸುತ್ತಳತೆಯನ್ನು ನಾವೇ ಅಳೆಯಬಹುದು: ಟೈರಿನ ಮೇಲೆಯೂ ನೆಲದ ಮೇಲೆಯೂ ಸುಣ್ಣದಿಂದ ಒಂದೊಂದು ಗುರುತು ಹಾಕಿ, ಹೊರೆಯಿರುವ ಬಂಡಿಯನ್ನು ನೇರವಾಗಿ ಒಂದು ಸುತ್ತು ನೂಕಿ, ನೆಲದ ಎರಡು ಗುರುತುಗಳ ನಡುವಣ ದೂರವನ್ನು ಟೇಪಿನಿಂದ ಅಳೆಯತಕ್ಕದ್ದು. ಲೆಕ್ಕಕ್ಕಿಂತ ಈ ಅಳತೆಯೇ ಹೆಚ್ಚು ನಂಬಿಕೆಗೆ ಅರ್ಹವಾದುದು. ಏಕೆಂದರೆ ಹೊರೆಯ ಕೆಳಗೆ ಟೈರು ಸ್ವಲ್ಪ ಕುಗ್ಗಿರುತ್ತದೆ.

ಈ ಹೆಚ್ಚಳಕ್ಕೆ ತೆರಬೇಕಾದ ಬೆಲೆಯೆಷ್ಟು? 215ನ್ನು ತೆಗೆದು 235ನ್ನು ಹಾಕಿದರೆ ಹಿಂದಿನ ಗಾಲಿಯ ನೂಕು ನೂರಕ್ಕೆ ನಾಲ್ಕರಷ್ಟು ಇಳಿಯುತ್ತದೆ. ವೇಗದ ಮುಳ್ಳು 60 ಎಂದು ತೋರಿಸುವಾಗ ಬಂಡಿಯು ನಿಜವಾಗಿ ಸುಮಾರು 62.5 ಕಿಲೋಮೀಟರ್ ವೇಗದಲ್ಲಿರುತ್ತದೆ. ಇಷ್ಟನ್ನು ಸಹಿಸಿಕೊಳ್ಳಬಹುದು. 31 ಅಂಗುಲದ ಟೈರಾದರೆ ನೂಕು ನೂರಕ್ಕೆ ಹತ್ತಕ್ಕಿಂತ ಹೆಚ್ಚಾಗಿ ತಗ್ಗುತ್ತದೆ. 60ರ ಮುಳ್ಳಿಗೆ ನಿಜವಾದ ವೇಗವು 67. ನೂರು ಕಿಲೋಮೀಟರು ಓಡಿದರೆ ಲೆಕ್ಕದ ಯಂತ್ರವು 89 ಎಂದು ಮಾತ್ರ ತೋರಿಸುತ್ತದೆ. ತಗ್ಗಿನ ಗದ್ದೆಯಿಂದ ತುಂಬಿದ ಹೊರೆಯನ್ನು ಏರಿಗೆ ಹತ್ತಿಸುವಾಗ ಮೊದಲನೆಯ ಗೇರಿನಲ್ಲಿಯೂ ಯಂತ್ರವು ಉಸಿರುಕಟ್ಟಿದಂತೆ ಆಗುವುದೂ, ಕ್ಲಚ್ಚನ್ನು ಅರ್ಧ ಒತ್ತಿ ನಡೆಸಿ ಅದನ್ನು ಸುಡುವುದೂ ಇದರ ಫಲ. ನಿಲ್ಲಿಸುವ ಬ್ರೇಕಿಗೂ ಇದೇ ಲೆಕ್ಕ: ಗಾಲಿಯು ದೊಡ್ಡದಾದರೆ ಅದೇ ಬ್ರೇಕು ನೆಲದ ಮೇಲೆ ಹುಟ್ಟಿಸುವ ತಡೆಯು ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಚಾಲಕರು ಬ್ರೇಕಿನ ಪಟ್ಟಿಗಳು ಸವೆದಿವೆಯೆಂದು ಅವುಗಳನ್ನು ಬದಲಾಯಿಸುವುದನ್ನು ಕಂಡಿದ್ದೇನೆ. ಅನೇಕ ವೇಳೆ ದೋಷವಿರುವುದು ಟೈರಿನ ಅಳತೆಯಲ್ಲಿ.

ಎಲ್ಲಕ್ಕಿಂತ ಮುಖ್ಯವಾದುದು ಟೈರು ಹೊರಬಲ್ಲ ಭಾರ. ಅಗಲವನ್ನೂ ಎತ್ತರವನ್ನೂ ವಿಚಾರಿಸುವವರು ಬಹಳ; ಭಾರದ ಅಂಕಿಯನ್ನು ಕೇಳುವವರು ವಿರಳ. ಅಳತೆಯ ಪಕ್ಕದಲ್ಲಿಯೇ ಒಂದು ಅಂಕಿಯೂ ಒಂದು ಅಕ್ಷರವೂ ಇರುತ್ತವೆ. ಅಂಕಿಯು ಒಂದು ಟೈರು ಪೂರ್ಣ ಗಾಳಿಯಲ್ಲಿ ಹೊರಬಹುದಾದ ಭಾರವನ್ನು ಸೂಚಿಸುವ ಸಂಕೇತ: 100 ಎಂದರೆ 800 ಕಿಲೋಗ್ರಾಂ, 106 ಎಂದರೆ 950, 108 ಎಂದರೆ 1000, 112 ಎಂದರೆ 1120, 115 ಎಂದರೆ 1215. ಅಕ್ಷರವು ಆ ಭಾರದೊಡನೆ ಓಡಬಹುದಾದ ಮೇಲ್ಮಿತಿಯ ವೇಗವನ್ನು ಹೇಳುತ್ತದೆ. ಎಲ್ ಎಂದರೆ ಗಂಟೆಗೆ 120 ಕಿಲೋಮೀಟರು, ಎನ್ ಎಂದರೆ 140. ಒಂದೇ ಅಳತೆಯ ಟೈರು ಕಾರಿನ ಜಾತಿಯಲ್ಲಿಯೂ ಸರಕಿನ ಜಾತಿಯಲ್ಲಿಯೂ ದೊರೆಯುತ್ತದೆ. ಎರಡರ ಭಾರದ ಅಂಕಿಗಳಲ್ಲಿ ಬಹಳ ಅಂತರವಿರುತ್ತದೆ. ಎಲ್.ಟಿ. ಎಂಬ ಗುರುತೂ, ಪದರದ ಬಲವನ್ನು ತೋರಿಸುವ ಪಿ.ಆರ್. ಎಂಬ ಅಂಕಿಯೂ ಇರುವುದನ್ನೇ ಸರಕಿನ ಬಂಡಿಗೆ ಕೊಳ್ಳಬೇಕು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಬಂಡಿಗೆ 1500 ಕಿಲೋಗ್ರಾಂ ಹೊರೆಯ ಅನುಮತಿಯಿದೆ. ತುಂಬಿದಾಗ ಹಿಂದಿನ ಅಚ್ಚಿನ ಮೇಲೆ 1900 ಕಿಲೋಗ್ರಾಂ ಬೀಳುತ್ತದೆ ಎಂದಿಟ್ಟುಕೊಳ್ಳಿ. ಪ್ರತಿಯೊಂದು ಹಿಂದಿನ ಟೈರಿಗೂ 950 ಬಂದಿತು. 106ಕ್ಕಿಂತ ಕಡಿಮೆಯ ಅಂಕಿಯ ಟೈರು ಇಲ್ಲಿ ಕೂಡದು. ನಮ್ಮಲ್ಲಿ ಶುಂಠಿಯ ಮೂಟೆಯು 60 ಕಿಲೋಗ್ರಾಂ. 25 ಮೂಟೆಗೆ 1500 ಕಿಲೋಗ್ರಾಂ ಸರಿಹೋಯಿತು. ಬೆಲೆ ಏರಿದ ದಿನಗಳಲ್ಲಿ ಒಂದೇ ಸಲಕ್ಕೆ 35 ಮೂಟೆ ಏರಿಸಿದರೆ 600 ಕಿಲೋಗ್ರಾಂ ಹೆಚ್ಚಾಗಿ, ಅದರಲ್ಲಿ ಬಹುಭಾಗವು ಹಿಂದಿನ ಗಾಲಿಗಳ ಮೇಲೆಯೇ ಬಿದ್ದು, ಒಂದೊಂದು ಟೈರಿನ ಮೇಲೂ 1200ಕ್ಕೆ ಸಮೀಪಿಸುತ್ತದೆ. ಕಮಾನುಪಟ್ಟಿ ಹೆಚ್ಚಿಸಿರುವುದರಿಂದ ಬಂಡಿಯು ಕುಗ್ಗಿದಂತೆ ಕಾಣುವುದಿಲ್ಲ. ಭಾರವು ಹೆಚ್ಚಾಯಿತೆಂಬ ಸೂಚನೆಯೇ ಚಾಲಕನಿಗೆ ಸಿಕ್ಕುವುದಿಲ್ಲ. ಎತ್ತರಿಸುವುದರಲ್ಲಿ ಇದೊಂದು ದೊಡ್ಡ ಕೇಡು. ಅತಿಭಾರದಲ್ಲಿ ಟೈರಿನ ಗೋಡೆಯು ಪ್ರತಿ ಸುತ್ತಿಗೂ ಮಡಿಸಿ ಬಿಚ್ಚಿ ಕಾಯುತ್ತದೆ. ಹುಣಸೂರಿನಿಂದ ಮೈಸೂರಿನ ಕಡೆಯ ಹೆದ್ದಾರಿಯಲ್ಲಿ ವೇಗವೂ ಸೇರಿದಾಗ ಒಳಗಿನ ಪದರಗಳು ಬಿಟ್ಟು ಟೈರು ಸಿಡಿಯುತ್ತದೆ.

ಅಗಲದ ವಿಷಯದಲ್ಲಿ ಮಣ್ಣನ್ನು ನೋಡಿ ತೀರ್ಮಾನಿಸಬೇಕೇ ಹೊರತು ನೆರೆಯವನ ಬಂಡಿಯನ್ನು ನೋಡಿ ಅಲ್ಲ. ರಾವಂದೂರು, ಬೆಟ್ಟದಪುರಗಳ ಕಡೆಯ ಮರಳು ಬೆರೆತ ಕೆಂಪು ನೆಲದಲ್ಲಿ ಮಳೆ ಬಂದಾಗ ಮೇಲಿನ ನಾಲ್ಕಾರು ಬೆರಳು ಮಾತ್ರ ಜಾರುತ್ತದೆ; ಅದರ ಕೆಳಗೆ ಗಟ್ಟಿಯಾದ ಗೊರಚು ಸಾಮಾನ್ಯವಾಗಿ ಇರುತ್ತದೆ. ಇಂಥಲ್ಲಿ ಕಿರಿದಾದ ಟೈರು ಕೆಸರನ್ನು ಸೀಳಿಕೊಂಡು ಗಟ್ಟಿನೆಲವನ್ನು ಮುಟ್ಟುತ್ತದೆ. ಅಗಲವಾದುದು ಕೆಸರಿನ ಮೇಲೆಯೇ ತೇಲಿ ಪಕ್ಕಕ್ಕೆ ಜಾರುತ್ತದೆ. ಕೃಷ್ಣರಾಜನಗರದ ನಾಲೆಯ ಬಯಲಿನ ಗದ್ದೆಗಳಲ್ಲಿಯೂ ಹೆಗ್ಗಡದೇವನಕೋಟೆಯ ಹತ್ತಿ ಬೆಳೆಯುವ ಎರೆಯ ತುಂಡುಗಳಲ್ಲಿಯೂ ಕೆಳಗೆ ಗಟ್ಟಿಯಿಲ್ಲ; ಅಲ್ಲಿ ಅಗಲವಾದ ಟೈರು ಮುಳುಗದೆ ಸ್ವಲ್ಪ ದೂರ ಹೋಗಬಲ್ಲದು. ಆದರೂ ಎರೆಮಣ್ಣು ಬಟನ್ನುಗಳ ಸಂದುಗಳಲ್ಲಿ ಮೆತ್ತಿ ಟೈರನ್ನು ನುಣುಪಾದ ಉರುಳೆಯಂತೆ ಮಾಡಿಬಿಡುವುದರಿಂದ ಸಂದುಗಳು ಅಗಲವಾಗಿಯೂ ಆಳವಾಗಿಯೂ ಇರುವ ಬಗೆಯೇ ಅಲ್ಲಿ ಬೇಕು. ನನ್ನ ಅಭಿಪ್ರಾಯದಲ್ಲಿ ನಮ್ಮ ಹೋಬಳಿಯ ಬಂಡಿಗಳಿಗೆ ತಯಾರಕರು ಕೊಟ್ಟ ಅಗಲವೇ ಸಾಕು. ಹಣವನ್ನು ಅಗಲಕ್ಕೆ ಹಾಕುವುದಕ್ಕಿಂತ ಬಟನ್ನಿನ ಬಗೆಗೆ ಹಾಕುವುದು ಲೇಸು.

ಎರಡೇ ಗಾಲಿಗಳು ನೂಕುವ ಬಂಡಿಯಲ್ಲಿ ಇನ್ನೊಂದು ವಿಶೇಷವುಂಟು. ಗಾಲಿಯ ಹಿಡಿತವು ಅದರ ಮೇಲೆ ಬಿದ್ದ ಭಾರಕ್ಕೆ ತಕ್ಕಷ್ಟೇ ಇರುತ್ತದೆ. ಬರಿದಾದ ಪಿಕಪ್ಪಿನಲ್ಲಿ ಯಂತ್ರದ ತೂಕವೆಲ್ಲ ಮುಂದೆ ಇದ್ದು ಹಿಂಭಾಗ ಹಗುರವಾಗಿರುವುದರಿಂದ, ತುಂಬಿದ ಬಂಡಿಯು ಹೊರಟುಹೋದ ಕೆಸರಿನಲ್ಲಿ ಬರಿಯ ಬಂಡಿಯು ಸಿಕ್ಕಿಕೊಳ್ಳುತ್ತದೆ. ಆಗ ಹಿಂದಿನ ಅಚ್ಚಿನ ಮೇಲೆ ಸರಿಯಾಗಿ ಬರುವಂತೆ ನಾಲ್ಕು ಮೂಟೆ ಮರಳು ಇಟ್ಟರೆ ಹೊಸ ಟೈರಿನಿಂದ ಆಗುವುದಕ್ಕಿಂತ ಹೆಚ್ಚಿನ ಪ್ರಯೋಜನವಾಗುತ್ತದೆ. ಒಂದು ಗಾಲಿಯು ಜಾರಿ ತಿರುಗತೊಡಗಿದರೆ ಡಿಫರೆನ್ಷಿಯಲ್ಲಿನ ಸ್ವಭಾವದಿಂದ ಗಟ್ಟಿನೆಲದಲ್ಲಿರುವ ಇನ್ನೊಂದು ಗಾಲಿಗೂ ನೂಕು ಇಲ್ಲದಂತಾಗುತ್ತದೆ. ವೇಗ ಹೆಚ್ಚಿಸಿದಷ್ಟೂ ಗುಂಡಿ ಆಳವಾಗುವುದು. ಗಾಲಿಯ ಮುಂದೆ ಜೋಳದ ದಂಟನ್ನಾಗಲಿ, ತಂಬಾಕಿನ ಕಡ್ಡಿಯನ್ನಾಗಲಿ, ಹಳೆಯ ಗೋಣಿಯನ್ನಾಗಲಿ ತುರುಕಿ ಮೆಲ್ಲಗೆ ಬಿಡತಕ್ಕದ್ದು. ಹಿಂದಿನ ಎರಡು ಟೈರುಗಳು ಅಳತೆಯಲ್ಲಿಯೂ ಸವೆತದಲ್ಲಿಯೂ ಸಮನಾಗಿರಬೇಕು. ಒಂದು ಹೊಸದು, ಒಂದು ಬೋಳು ಎಂದಾದರೆ ಡಿಫರೆನ್ಷಿಯಲ್ ಹಲ್ಲುಗಳು ನೇರ ದಾರಿಯಲ್ಲಿಯೂ ಬಿಡುವಿಲ್ಲದೆ ತಿರುಗಿ ಸವೆಯುತ್ತವೆ. ಒಂದೇ ಅಚ್ಚಿನಲ್ಲಿ ರೇಡಿಯಲ್ಲನ್ನೂ ಹಳೆಯ ಅಡ್ಡನೂಲಿನ ಟೈರನ್ನೂ ಬೆರೆಸಕೂಡದು.

ಡಿಸ್ಕಿನ ಅಗಲವನ್ನು ಬಹಳ ಜನರು ಮರೆಯುತ್ತಾರೆ. 215/75 ಆರ್ 15 ಟೈರಿಗೆ 6 ಅಂಗುಲ ಅಗಲದ ಡಿಸ್ಕು ಸರಿಯಾದುದು. 235/75 ಆರ್ 15ಕ್ಕೆ ಆರೂವರೆ, ಆದರೆ ಆರರಲ್ಲಿಯೂ ಕೂರುತ್ತದೆ. 31×10.5ಕ್ಕೆ ಏಳು ಅಂಗುಲಕ್ಕೆ ಕಡಿಮೆಯಾಗಕೂಡದು. ಆರಂಗುಲದ ಡಿಸ್ಕಿನಲ್ಲಿ ಹೇಗೋ ಕೂರಿಸಿದರೆ ಟೈರಿನ ಹೊಟ್ಟೆ ಉಬ್ಬಿ ನಡುಭಾಗವೇ ಸವೆಯುವುದಲ್ಲದೆ ತಿರುವಿನಲ್ಲಿ ಅಂಚು ಬಿಡಬಹುದು. ಅಗಲವಾದ ಡಿಸ್ಕನ್ನು ಹೊರಕ್ಕೆ ಚಾಚಿಕೊಂಡಿರುವಂತೆ ಹಾಕಿಸಿದರೆ ಭಾರವು ಬೇರಿಂಗಿನಿಂದ ದೂರ ಬಿದ್ದು ಬೇರಿಂಗು ಕೆಡುತ್ತದೆ, ಸ್ಟಿಯರಿಂಗು ಬಿಗಿಯಾಗುತ್ತದೆ. ಹಾಕಿಸಿದ ಮೇಲೆ ಮುಂದಿನ ಗಾಲಿಗಳನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ, ಒಂದು ಗಾಲಿಯನ್ನು ಕಲ್ಲಿನ ಮೇಲೆ ಹತ್ತಿಸಿ, ಎಲ್ಲಿಯೂ ಉಜ್ಜುವುದಿಲ್ಲವೆಂದು ನೋಡಿಕೊಳ್ಳಬೇಕು.

ಈಗ ಜೀವದ ಮಾತು. ಬಂಡಿಯು ಮಗುಚುವುದು ಎರಡು ಗಾಲಿಗಳ ನಡುವಣ ಅಗಲಕ್ಕೂ ಭಾರಕೇಂದ್ರದ ಎತ್ತರಕ್ಕೂ ಇರುವ ಪ್ರಮಾಣವನ್ನು ಅನುಸರಿಸಿದೆ. ಗಾಲಿಗಳ ನಡುವೆ 1400 ಮಿಲಿಮೀಟರೂ ಭಾರಕೇಂದ್ರದ ಎತ್ತರ 900 ಮಿಲಿಮೀಟರೂ ಇದ್ದರೆ, ಲೆಕ್ಕದ ಮೇರೆಗೆ ಬಂಡಿಯು ಸುಮಾರು 38 ಡಿಗ್ರಿ ಓರೆಯಾಗುವವರೆಗೆ ನಿಲ್ಲುತ್ತದೆ. ನಾಲ್ಕಂಗುಲ ಎತ್ತರಿಸಿದರೆ 35 ಡಿಗ್ರಿ. ಅದರ ಮೇಲೆ ಬೇಲುಗಳನ್ನೋ ಮೂಟೆಗಳನ್ನೋ ಪೇರಿಸಿ ಭಾರಕೇಂದ್ರವು 1200ಕ್ಕೆ ಏರಿದರೆ 30 ಡಿಗ್ರಿ. ಕಮಾನೂ ಟೈರೂ ಒಂದು ಪಕ್ಕಕ್ಕೆ ಬಾಗುವುದರಿಂದ ನಿಜವಾಗಿ ಇದಕ್ಕೂ ಮೊದಲೇ ಮಗುಚುತ್ತದೆ. ಕೆರೆಯ ಏರಿಯ ಅಂಚು ಕುಸಿದಾಗ, ನಾಲೆಯ ದಾರಿಯಲ್ಲಿ ಎದುರಿನ ಬಂಡಿಗೆ ಪಕ್ಕ ಕೊಟ್ಟಾಗ, ತಿರುವಿನಲ್ಲಿ ವೇಗ ಮಿತಿಮೀರಿದಾಗ ಈ ಎಂಟು ಡಿಗ್ರಿಗಳೇ ಉಳಿವಿಗೂ ಅಳಿವಿಗೂ ಅಂತರ. ಎಲೆ ಬಿಡಿಸುವ ಕಾಲದಲ್ಲಿಯೂ ಶುಂಠಿ ಕೀಳುವ ಕಾಲದಲ್ಲಿಯೂ ಇದೇ ಬಂಡಿಗಳ ತೊಟ್ಟಿಯಲ್ಲಿ ಹೆಣ್ಣಾಳುಗಳನ್ನು ನಿಲ್ಲಿಸಿಕೊಂಡು ಹೋಗುವುದು ವಾಡಿಕೆಯಾಗಿದೆ. ನಿಂತ ಮನುಷ್ಯರ ಭಾರವು ಮೂಟೆಯ ಭಾರಕ್ಕಿಂತ ಎತ್ತರದಲ್ಲಿದ್ದು ತಿರುವಿನಲ್ಲಿ ಒಂದೇ ಕಡೆಗೆ ವಾಲುತ್ತದೆ. ಸರಕಿನ ಬಂಡಿಯಲ್ಲಿ ಹೀಗೆ ಹೋಗುವವರಿಗೆ ವಿಮಾ ಸಂಸ್ಥೆಯು ಪರಿಹಾರ ಕೊಡಲು ಬದ್ಧವಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿಯೇ ತೀರ್ಮಾನಿಸಿದೆ. ಕೂಲಿಯವರನ್ನು ಎತ್ತರಿಸಿದ ಪಿಕಪ್ಪಿನ ತೊಟ್ಟಿಯಲ್ಲಿ ಕರೆದೊಯ್ಯುವುದನ್ನು ಯಾವ ಕಾರಣಕ್ಕೂ ಮಾಡಕೂಡದೆಂದು ರೈತರನ್ನು ಪ್ರಾರ್ಥಿಸುತ್ತೇನೆ.

ಕಾಯಿದೆಯೂ ಇದಕ್ಕೆ ಅಡ್ಡವಾಗಿದೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದಂತೆ, ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ತಿದ್ದುಪಡಿಯಿಂದ ಇಂಥ ಮಾರ್ಪಾಡು ಒಂದೊಂದಕ್ಕೆ ಮಾಲೀಕನಿಗೆ 5000 ರೂಪಾಯಿ ಜುಲ್ಮಾನೆಯನ್ನಾಗಲಿ, ಆರು ತಿಂಗಳವರೆಗಿನ ಸೆರೆವಾಸವನ್ನಾಗಲಿ, ಎರಡನ್ನೂ ಆಗಲಿ ವಿಧಿಸಬಹುದಾಗಿದೆ. ಆದುದರಿಂದ ತಯಾರಕರು ಆ ಮಾದರಿಗೆ ಒಪ್ಪಿರುವ ಟೈರಿನ ಅಳತೆಗಳೊಳಗೆ ದೊಡ್ಡದನ್ನು ಆರಿಸಿಕೊಳ್ಳುವುದು ನಿರಪಾಯವಾದ ಮಾರ್ಗ. ಆ ಅಳತೆಗಳು ಬಂಡಿಯೊಡನೆ ಕೊಟ್ಟ ಪುಸ್ತಕದಲ್ಲಿ ಇರುತ್ತವೆ.

ವ್ಯವಸಾಯದ ದೃಷ್ಟಿಯಿಂದ ಒಂದು ಮಾತನ್ನು ಹೇಳದೆ ಇರಲಾರೆ. ಟೈರು ನೆಲವನ್ನು ಒತ್ತುವ ಬಿಗಿಯು ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಬಿಗಿಯಷ್ಟೇ ಇರುತ್ತದೆ. 60 ಪೌಂಡು ಗಾಳಿಯೆಂದರೆ ಚದರ ಸೆಂಟಿಮೀಟರಿಗೆ 4.2 ಕಿಲೋಗ್ರಾಂ, 1000 ಕಿಲೋಗ್ರಾಂ ಹೊತ್ತ ಟೈರು ಒಂದು ಗೇಣು ಚೌಕದ ಅರ್ಧದಷ್ಟೂ ಇಲ್ಲದ ಜಾಗದ ಮೇಲೆ ನಿಂತಿರುತ್ತದೆ. ಹೊಲದಲ್ಲಿ ಕೆಲಸ ಮಾಡುವ ಟ್ರಾಕ್ಟರಿನ ಹಿಂದಿನ ಟೈರಿನಲ್ಲಿ ಗಾಳಿಯು ಇದರ ನಾಲ್ಕನೆಯ ಒಂದು ಪಾಲಿನಷ್ಟು ಮಾತ್ರ. ಹಸಿ ಹೊಲದೊಳಕ್ಕೆ ತುಂಬಿದ ಪಿಕಪ್ಪನ್ನು ಇಳಿಸಿದ ಜಾಡಿನಲ್ಲಿ ಮಣ್ಣು ಹಲಗೆಯಂತೆ ಬಿಗಿದು ಮುಂದಿನ ಬೆಳೆಯ ಬೇರು ಕೆಳಕ್ಕೆ ಇಳಿಯಲಾರದು, ನೀರು ನಿಲ್ಲುತ್ತದೆ, ತಂಬಾಕಿಗೂ ಶುಂಠಿಗೂ ನಿಂತ ನೀರು ಸಲ್ಲದೆಂಬುದು ಎಲ್ಲರಿಗೂ ತಿಳಿದುದೇ. ಬಂಡಿಯನ್ನು ಹೊಲದ ಬದುವಿನ ಹೊರಗೆ ನಿಲ್ಲಿಸಿ, ಅಲ್ಲಿಯವರೆಗೆ ತಲೆಹೊರೆಯಿಂದಲೋ ಟೈರುಗಾಡಿಯಿಂದಲೋ ತರುವುದು ಮೇಲು. ನಾಲ್ಕು ಮಂದಿ ಹಿಡುವಳಿದಾರರು ಸೇರಿ ಬೇಸಗೆಯಲ್ಲಿ ಜಾಡಿನ ನಡುವಿನ ದಿಬ್ಬವನ್ನು ಕಡಿದು, ಹಳ್ಳಗಳಿಗೆ ಗೊರಚು ತುಂಬಿ, ಪಕ್ಕದಲ್ಲಿ ನೀರು ಹೋಗಲು ಒಂದು ಚರಂಡಿ ತೆಗೆದರೆ ನಾಲ್ಕು ಬಂಡಿಗಳನ್ನು ಎತ್ತರಿಸುವ ಖರ್ಚು ಉಳಿಯುತ್ತದೆ.

ಟೈರು ಕೊಳ್ಳುವಾಗ ಅದರ ಗೋಡೆಯ ಮೇಲಿನ ನಾಲ್ಕು ಅಂಕಿಗಳ ತಾರೀಖನ್ನು ನೋಡಬೇಕು. 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದು. ಬಹುಕಾಲ ಬಿಸಿಲಿನಲ್ಲಿ ಬಿದ್ದು ಗೋಡೆಯಲ್ಲಿ ಬಿರುಕುಗಳಿರುವುದನ್ನು ಬೆಲೆ ಕಡಿಮೆಯೆಂದು ತರಬಾರದು. ಮರುಬಟನ್ ಹಾಕಿದ ಟೈರನ್ನು ಮುಂದಿನ ಗಾಲಿಗೆ ಎಂದಿಗೂ ಹಾಕಕೂಡದು. ಬಟನ್ನಿನ ಆಳವು 1.6 ಮಿಲಿಮೀಟರಿಗೆ ಇಳಿದರೆ ಕಾಯಿದೆಯ ಪ್ರಕಾರ ಅದರ ಆಯುಸ್ಸು ಮುಗಿಯಿತು. ಕೆಸರಿನ ದಾರಿಗೆ ಅದಕ್ಕಿಂತ ಬಹಳ ಮೊದಲೇ ಮುಗಿದಿರುತ್ತದೆ. ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗ, ವಾರಕ್ಕೊಮ್ಮೆ, ಸ್ಟೆಪ್ನಿಯನ್ನೂ ಸೇರಿಸಿ ನೋಡತಕ್ಕದ್ದು. ತುಂಬು ಹೊರೆಗೂ ಬರಿಯ ಬಂಡಿಗೂ ಬೇರೆ ಬೇರೆ ಗಾಳಿಯನ್ನು ತಯಾರಕರು ಗೊತ್ತುಮಾಡಿರುತ್ತಾರೆ. ಕೆಸರಿಗಾಗಿ ಗಾಳಿಯನ್ನು ಇಳಿಸಿದವನು ಡಾಂಬರು ರಸ್ತೆಯನ್ನು ಸೇರುವ ಮೊದಲು ಪುನಃ ತುಂಬಬೇಕಾದುದರಿಂದ, ಕೈಪಂಪನ್ನಾಗಲಿ ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪನ್ನಾಗಲಿ ಬಂಡಿಯಲ್ಲಿಯೇ ಇಟ್ಟಿರಬೇಕು. ದೊಡ್ಡ ಟೈರು ಹಾಕಿಸಿದವರು ಸ್ಟೆಪ್ನಿಯನ್ನೂ ಅದೇ ಅಳತೆಯದನ್ನಾಗಿ ಮಾಡಿಸಿ, ಜಾಕಿಯು ಬಂಡಿಯನ್ನು ಅಷ್ಟು ಎತ್ತರಕ್ಕೆ ಎತ್ತಬಲ್ಲುದೇ ಎಂದು ಮನೆಯ ಅಂಗಳದಲ್ಲಿ ಒಮ್ಮೆ ಎತ್ತಿ ನೋಡಿಕೊಳ್ಳತಕ್ಕದ್ದು.